ಸಹಿ ಹಾಕಿಸ್ಕೊಂಡ್ರೆ ಒಪ್ಪಿಗೆ ಸಿಕ್ಕ ಹಾಗಾ?

ಪ್ರಶ್ನೆ: ಗಣಿ ಕಂಪನಿಯವ್ರು ಆದಿವಾಸಿಗಳ ಹಾಡಿಗೆ ಬಂದು ಒಂದು ಮೀಟಿಂಗ್ ಮಾಡಿ, ಊಟ ಹಾಕ್ಸಿ, ಎಲ್ಲರ ಹತ್ರ ಸೈನ್ ತಗೊಂಡು ಹೋದ್ರೆ ಜನ ಒಪ್ಪಿದ್ರು ಅಂತ ಲೆಕ್ಕನಾ ಸಾರ್?
– ಓದುಗರೊಬ್ಬರು, ಎಚ್.ಡಿ. ಕೋಟೆ

ಉತ್ತರ: ಊಟ ಮಾಡಿದ್ದಕ್ಕೆ ಹಾಕಿದ ಸೈನು ಊಟದ ಲೆಕ್ಕಕ್ಕೆ ಅಷ್ಟೇ ಕಣ್ರೀ! ಒಡಿಶಾದ ನಿಯಮಗಿರಿ ಬೆಟ್ಟದ ಕಥೆ ಕೇಳಿ, ಅಲ್ಲಿ ವೇದಾಂತ ಕಂಪನಿಯ ರಿಫೈನರಿಗೆ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಬೇಕಿತ್ತು, ಆದ್ರೆ ಆ ಬೆಟ್ಟಾನೇ ಡೋಂಗ್ರಿಯಾ ಕೊಂಧ್ ಅನ್ನೋ ಆದಿವಾಸಿ ಜನಕ್ಕೆ ನಿಯಮರಾಜ ಅನ್ನೋ ದೇವರ ಮನೆ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಆ ಬೆಟ್ಟದ ಮೇಲೆ ಜನಕ್ಕಿರೋ ಹಕ್ಕಿನ ವಿಚಾರಾನ ಗ್ರಾಮಸಭೆಗಳ ಮುಂದೆ ಇಡಿ ಅಂತು. 12 ಹಳ್ಳಿಲಿ ಸಭೆ ಆಯ್ತು, ಜಡ್ಜ್ ಎದುರಿಗೇ, ಹನ್ನೆರಡಕ್ಕೆ ಹನ್ನೆರಡೂ ಬೇಡ ಅಂದ್ವು, ಮುಂದಿನ ವರ್ಷ ಕೇಂದ್ರ ಪರಿಸರ ಇಲಾಖೆನೂ ಆ ಗಣಿಗೆ ಇಲ್ಲ ಅಂತು. ತಮಾಷೆ ಏನಂದ್ರೆ ರಿಫೈನರಿ ಮೊದ್ಲೇ ಕಟ್ಟಿಯಾಗಿತ್ತು, ಕೇಳೋದು ಆಮೇಲೆ!

ನಮ್ಮ ಕರ್ನಾಟಕದಲ್ಲಿ ಐದನೇ ಶೆಡ್ಯೂಲ್ ಪ್ರದೇಶ (ಸಂವಿಧಾನ ಆದಿವಾಸಿ ಪ್ರದೇಶ ಅಂತ ಗುರುತಿಸಿರೋ ಜಾಗ) ಇಲ್ಲ, ಹಾಗಾಗಿ ಅಂಥ ಕಡೆ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡೋ ಪೆಸಾ ಕಾಯ್ದೆ ಅನ್ವಯ ಆಗಲ್ಲ, ಆದ್ರೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದರಡಿ 2011ರಲ್ಲೇ ಸಮುದಾಯ ಹಕ್ಕು ಪಡೆದ್ರು. ಅದರ ನಿಯಮದ ಪ್ರಕಾರ ಗ್ರಾಮಸಭೆಗೆ ಕನಿಷ್ಠ ಅರ್ಧ ಜನ ಬರ್ಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರ್ಬೇಕು. ಮುಂದಿನ ಸಲ ಅವ್ರು ಪೇಪರ್ ಹಿಡ್ಕೊಂಡು ಬಂದ್ರೆ ಕನ್ನಡದಲ್ಲಿ ಓದಿ ಹೇಳಿ ಅನ್ನಿ, ಒಂದು ಕಾಪಿ ಇಸ್ಕೊಳ್ಳಿ, ಖಾಲಿ ಹಾಳೆಗಂತೂ ಹೆಬ್ಬೆಟ್ಟು ಒತ್ತಲೇಬೇಡಿ.