ಪೂಜೆಯಲ್ಲಿ ಮಾತು ಯಾರ ಜೊತೆ?

ಪ್ರಶ್ನೆ: ಗೆಳತಿಯ ಮಗಳ ಮೊದಲ ಪರಮಪ್ರಸಾದಕ್ಕೆ ಕೋಲಾರದಲ್ಲಿ ಕಥೋಲಿಕರ ಪೂಜೆಗೆ ಹೋಗಿದ್ದೆ. ಒಮ್ಮೆ ‘ತಂದೆಯೇ’ ಅಂತಾರೆ, ಒಮ್ಮೆ ‘ಪ್ರಭು ಯೇಸುವೇ’ ಅಂತಾರೆ. ಪ್ರಾರ್ಥನೆ ಯಾರಿಗೆ? ದೇವರಿಗೆ ‘ನೀವು’ ಅನ್ನೋದೂ ನನಗೆ ಹೊಸದು.
– ಓದುಗರು, ಮಾಲೂರು

ಉತ್ತರ: ನಾನು ಭಾನುವಾರಗಳಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೆ. ಅವರೂ ಇದನ್ನೇ ಕೇಳುತ್ತಿದ್ದರು.

ಪೂಜೆಯಲ್ಲಿ ಗುರುಗಳು, ಅಂದರೆ ಪಾದ್ರಿಗಳು, ಹೇಳುವ ಪ್ರಾರ್ಥನೆ ಹೆಚ್ಚಾಗಿ ತಂದೆಯಾದ ದೇವರಿಗೆ. ಯೇಸುಸ್ವಾಮಿ ನಮ್ಮನ್ನು ತಂದೆಯ ಬಳಿಗೆ ಕರೆದುಕೊಂಡು ಹೋಗುವವರು. ಅದಕ್ಕೇ ಕೊನೆಗೆ ‘ಯೇಸುಕ್ರಿಸ್ತರ ಮುಖಾಂತರ’ ಅಂತ ಬರುತ್ತದೆ. ಇದು ಬಹಳ ಹಳೇ ಪದ್ಧತಿ. 393ರಲ್ಲೇ ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ ಸೇರಿದ ಬಿಷಪ್ಪರು, ಪೀಠದ ಬಳಿಯ ಪ್ರಾರ್ಥನೆ ತಂದೆಗೇ ಇರಬೇಕು ಎಂದು ತೀರ್ಮಾನಿಸಿದ್ದರು.

ಹಾಗಂತ ಯೇಸುಸ್ವಾಮಿಯ ಜೊತೆ ಮಾತೇ ಇಲ್ಲ ಅಂತಲ್ಲ. ಶುರುವಿನಲ್ಲೇ ‘ಕ್ರಿಸ್ತರೇ ದಯೆ ತೋರಿ’ ಅಂತೀವಿ. ಪರಮಪ್ರಸಾದ ಅಂದರೆ ಪೂಜೆಯಲ್ಲಿ ಕೊಡುವ ರೊಟ್ಟಿ; ಅದರಲ್ಲಿ ಯೇಸುಸ್ವಾಮಿಯೇ ನಮ್ಮೊಳಗೆ ಬರುತ್ತಾರೆ ಅಂತ ನಮ್ಮ ನಂಬಿಕೆ. ಅದನ್ನು ಕೊಡುವ ಹೊತ್ತು ಹತ್ತಿರ ಬಂದ ಹಾಗೆ ಮಾತು ಪೂರ್ತಿ ಅವರ ಕಡೆ ತಿರುಗುತ್ತದೆ. ‘ಶಾಂತಿ ಕೊಡುತ್ತೇನೆ ಎಂದಿರಲ್ಲ’ ಎಂದು ಗುರುಗಳು ನೆನಪಿಸುತ್ತಾರೆ. ರೊಟ್ಟಿ ಮುರಿಯುವಾಗ ‘ದೇವರ ಕುರಿಮರಿಯೇ’ ಎಂದು ಕರೆಯುತ್ತೇವೆ. ಕೊನೆಗೆ, ನೀವು ನನ್ನಲ್ಲಿಗೆ ಬರಲು ನಾನು ಯೋಗ್ಯಳಲ್ಲ, ಒಂದು ಮಾತು ಹೇಳಿ ಸಾಕು ಅಂತೀವಿ. ಬೈಬಲ್ಲಿನ ಮತ್ತಾಯನ ಪುಸ್ತಕದ 8ನೇ ಅಧ್ಯಾಯದಲ್ಲಿ, ಆಳು ಕಾಯಿಲೆ ಬಿದ್ದಾಗ ರೋಮಿನ ಒಬ್ಬ ಶತಾಧಿಪತಿ (ನೂರು ಸೈನಿಕರ ನಾಯಕ) ಯೇಸುಸ್ವಾಮಿಗೆ ಹೇಳಿದ ಮಾತದು. ಮನೆಗೆ ಬರುವವರನ್ನು ಬಾಗಿಲಲ್ಲೇ ನಿಂತು ಮಾತಾಡಿಸ್ತೀವಲ್ಲ, ಹಾಗೆ. ಇಷ್ಟು ವರ್ಷವಾದರೂ ಆ ಸಾಲು ಬಂದಾಗ ನನ್ನ ಗಂಟಲು ಕಟ್ಟುತ್ತದೆ.

ಇನ್ನು ‘ನೀವು’ ವಿಷಯ. ಯೇಸುಸ್ವಾಮಿ ಕಲಿಸಿದ ‘ನಮ್ಮ ತಂದೆಯೇ’ ಪ್ರಾರ್ಥನೆಯಲ್ಲಿ ನಮ್ಮ ಪಕ್ಕದ ಮನೆಯ ಮೆಥೋಡಿಸ್ಟರು, ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರು, ‘ನಿನ್ನ ನಾಮವು’ ಅಂತಾರೆ. ಅವರ ಹಳೇ ಬೈಬಲ್ಲಿನ ಕನ್ನಡ ಹಾಗಿದೆ. ನಾವು ‘ನಿಮ್ಮ ನಾಮ’ ಅಂತೀವಿ. ಕೋಲಾರಮ್ಮನ ಗುಡಿಯಲ್ಲಿ ‘ತಾಯಿ, ನೀನೇ ಕಾಪಾಡು’ ಎಂದು ಕೇಳಿ ಬೆಳೆದವರಿಗೆ ‘ನೀವು’ ಸ್ವಲ್ಪ ದೂರ ಅನ್ನಿಸಬಹುದು. ಆದರೆ ನಮ್ಮಲ್ಲಿ ಅದು ಮನೆಯ ಹಿರಿಯರಿಗೆ ಕೊಡುವ ಮರ್ಯಾದೆ, ಅಷ್ಟೇ.

ನಮ್ಮಜ್ಜಿಯ ಕಾಲದಲ್ಲಿ ಪೂಜೆ ಲ್ಯಾಟಿನ್‌ನಲ್ಲಿತ್ತು. 1963ರಲ್ಲಿ ಲೋಕದ ಕಥೋಲಿಕ ಬಿಷಪ್ಪರು ಸೇರಿದ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಅವಕಾಶ ಕೊಟ್ಟ ಮೇಲೆ ಕನ್ನಡ ಬಂತು. ಅಜ್ಜಿ ‘ನೀವು’ ಕಲಿತರು, ಚರ್ಚಿನಲ್ಲಿ ತಪ್ಪದೆ ಹೇಳುತ್ತಿದ್ದರು. ಬೆಳಗಿನ ಜಾವ ಟೊಮೆಟೊ ಗಾಡಿ ಮಂಡಿಗೆ ಹೊರಟಾಗ ಮಾತ್ರ ಸೆರಗು ತಲೆ ಮೇಲೆ ಹೊದ್ದು, ‘ಯೇಸಪ್ಪಾ, ನೀನೇ ನೋಡ್ಕೊಳಪ್ಪಾ’ ಅನ್ನುತ್ತಿದ್ದರು.