ಹಸುವಿನ ಕಾಲುಪಟ್ಟಿಯ ಜಿಪಿಎಸ್ ರಾತ್ರಿ ಕೆರೆಗೆ ಇಳಿಯುವುದೇಕೆ?

ಹೆಸರಘಟ್ಟದ ಮಿತ್ರರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಕಡಸಿನ ಮುಂಗಾಲಿಗೆ ಕಟ್ಟಿದ ಜಿಪಿಎಸ್ ಪಟ್ಟಿ ಹಗಲಿನಲ್ಲಿ ಒಂದು ಮಟ್ಟಿಗೆ ಸರಿಯಾಗಿಯೇ ಜಾಗ ತೋರಿಸುತ್ತದೆ, ರಾತ್ರಿ ಕೊಟ್ಟಿಗೆಯಲ್ಲಿ ಕಟ್ಟಿದ ಮೇಲೆ ಮಾತ್ರ ನಕ್ಷೆಯಲ್ಲಿ ಅದು ಕೆರೆಯ ನಡುವೆ ನಿಂತಿರುತ್ತದೆ. ಪಕ್ಕದ ಹೊಸ ಮನೆಯವರು ಜಾಮರ್ (ರೇಡಿಯೋ ಅಲೆಗಳಿಗೆ ಬೇಕೆಂದೇ ಅಡ್ಡಿಮಾಡುವ ಯಂತ್ರ) ಇಟ್ಟಿರಬಹುದೇ, ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತಂದು ಹಾಕಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಪಕ್ಕದವರ ಬಾಗಿಲು ತಟ್ಟುವ ಮೊದಲು ನಿಮ್ಮ ಕೊಟ್ಟಿಗೆಯ ಸೂರನ್ನೊಮ್ಮೆ ನೋಡಿ ಎನ್ನುತ್ತೇನೆ. ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಬಹುಕಾಲ ರೇಡಿಯೋ ಉಪಕರಣಗಳ ನಡುವೆ ಕೆಲಸ ಮಾಡಿ, ಈಗ ಯಲಹಂಕದಾಚೆ ನಾಲ್ಕು ಹಸು ಕಟ್ಟಿಕೊಂಡಿರುವವನು ನಾನು. ಇದೇ ತಪ್ಪು ಅನುಮಾನ ನನಗೂ ಬಂದಿತ್ತು.

ಆ ಪುಟ್ಟ ಡಬ್ಬಿಯೊಳಗೆ ಇರುವುದು ಒಂದಲ್ಲ, ಎರಡು ರೇಡಿಯೋ. ಮೊದಲನೆಯದು ಕೇಳುವುದಷ್ಟನ್ನೇ ಮಾಡುತ್ತದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಕೆಲವೇ ಹತ್ತು ವ್ಯಾಟ್‌ಗಳ ಶಕ್ತಿಯಲ್ಲಿ ಪ್ರಸಾರ ಮಾಡುತ್ತವೆ. ಅದು ನೆಲಕ್ಕೆ ಬಂದು ಮುಟ್ಟುವ ಹೊತ್ತಿಗೆ ಉಳಿಯುವುದು ಒಂದು ವ್ಯಾಟನ್ನು ಹತ್ತು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು. ಜಾಗ ಲೆಕ್ಕಹಾಕಲು ಇಂಥ ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಏಕಕಾಲಕ್ಕೆ ಕೇಳಬೇಕು. ಎರಡನೆಯ ರೇಡಿಯೋ ಸಿಮ್ ಕಾರ್ಡಿನದು. ಲೆಕ್ಕಹಾಕಿದ ಜಾಗವನ್ನು ಮೊಬೈಲ್ ಟವರಿಗೆ ತಲುಪಿಸುವುದು ಅದರ ಕೆಲಸ; 2ಜಿ ಪಟ್ಟಿಯಾದರೆ 900 ಮೆಗಾಹರ್ಟ್ಸ್‌ನಲ್ಲಿ ಅದು ಕ್ಷಣಕಾಲ 2 ವ್ಯಾಟ್‌ವರೆಗೂ ಕೂಗಬಲ್ಲದು. ಒಂದು ಪಿಸುಮಾತು ಕೇಳುವ ಕಿವಿ, ಇನ್ನೊಂದು ಅರಚುವ ಬಾಯಿ. ಎರಡರಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ಬೇರ್ಪಡಿಸದೆ ‘ಸಿಗ್ನಲ್ ಇಲ್ಲ’ ಎಂದು ಒಟ್ಟಿಗೆ ಹೇಳುವುದರಿಂದಲೇ ನಮ್ಮ ಗುಂಪಿನಲ್ಲಿ ಅರ್ಧ ಗೊಂದಲ ಹುಟ್ಟುತ್ತಿದೆ.

ನಿಮ್ಮ ಕೆರೆಯ ಕಥೆಗೆ ಬರುತ್ತೇನೆ. ಕೆರೆಯ ನಡುವೆ ಕಾಣುವ ಚುಕ್ಕೆ ಪ್ರತಿ ರಾತ್ರಿಯೂ ಒಂದೇ ಜಾಗದಲ್ಲಿ, ಒಂದಿಂಚೂ ಕದಲದೆ ಕಾಣುತ್ತಿದೆಯೇ, ಅಥವಾ ಅಲ್ಲಿಂದಿಲ್ಲಿಗೆ ಚದುರಿದಂತೆ ಕಾಣುತ್ತಿದೆಯೇ ಎಂಬುದನ್ನು ಮೊದಲು ಗಮನಿಸಿ. ನಿಜವಾದ ಜಿಪಿಎಸ್ ಚುಕ್ಕೆಗಳು ಹಸು ಮಲಗಿದ್ದರೂ ಕೆಲವು ಮೀಟರ್ ಅತ್ತಿತ್ತ ಚದುರುತ್ತಲೇ ಇರುತ್ತವೆ. ಕಲ್ಲು ಹುಗಿದಂತೆ ಒಂದೇ ಕಡೆ ನಿಂತ ಚುಕ್ಕೆ ಬಹುತೇಕ ಉಪಗ್ರಹದ್ದಲ್ಲ. ಉಪಗ್ರಹ ಸಿಗದಿದ್ದಾಗ ಇಂಥ ಬಹಳಷ್ಟು ಪಟ್ಟಿಗಳು ಸುತ್ತಲಿನ ಮೊಬೈಲ್ ಟವರುಗಳನ್ನು ನೋಡಿ ಜಾಗವನ್ನು ಅಂದಾಜು ಮಾಡುತ್ತವೆ, ಆ ಅಂದಾಜು ನೂರಾರು ಮೀಟರಿನಿಂದ ಕೆಲವು ಕಿಲೋಮೀಟರಿನವರೆಗೂ ತಪ್ಪಬಹುದು. ಕೆರೆಯ ಆ ದಡದಲ್ಲೊಂದು ಈ ದಡದಲ್ಲೊಂದು ಟವರಿದ್ದರೆ ನಡುವಿನ ಜಾಗ ನೀರೇ ಆಗಿರುತ್ತದೆ. ಹಾಗಿದ್ದಲ್ಲಿ ನಿಮ್ಮ ಪಟ್ಟಿಯ ಬಾಯಿ ಚೆನ್ನಾಗಿದೆ, ಕಿವಿ ಮಾತ್ರ ಮುಚ್ಚಿದೆ ಎಂದರ್ಥ.

ಕಿವಿ ಮುಚ್ಚುವುದಕ್ಕೆ ಜಾಮರ್ ಬೇಕಿಲ್ಲ. ತಗಡಿನ ಶೀಟಿನ ಕೆಳಗೆ ಆಕಾಶವೇ ಇಲ್ಲ. ಪಕ್ಕದ ತೆರೆದ ಭಾಗದಿಂದ ನುಸುಳುವ ಅಲೆಗಳೂ ಗೋಡೆಗೆ, ಶೀಟಿಗೆ ಬಡಿದು ತಡವಾಗಿ ಬರುವುದರಿಂದ, ಅಲೆ ಬಂದ ಹೊತ್ತನ್ನು ನೋಡಿ ಮಾಡುವ ಉಪಗ್ರಹದ ದೂರದ ಲೆಕ್ಕ ತಪ್ಪುತ್ತದೆ. ಅದರ ಮೇಲೆ ಹಸು ಮುಂಗಾಲು ಮಡಚಿ ಮಲಗಿದರೆ ನಾಲ್ಕು ನೂರು ಕಿಲೋ ನೀರು ತುಂಬಿದ ದೇಹ ಆ ಡಬ್ಬಿಯ ಮೇಲೆ ಕೂತಂತೆ, ಈ ಆವರ್ತನದ ಅಲೆಗಳನ್ನು ನೀರು ಚೆನ್ನಾಗಿಯೇ ನುಂಗುತ್ತದೆ. ನನ್ನ ಗೌರಿಯ ಪಟ್ಟಿ ಮಳೆಗಾಲದಲ್ಲಿ ಮಧ್ಯಾಹ್ನವೂ ಜಾಗ ಕಳೆದುಕೊಳ್ಳತೊಡಗಿದಾಗ, ಹತ್ತಿರದಲ್ಲಿ ಹೊಸದಾಗಿ ಎದ್ದ ಟವರನ್ನೇ ನಾನು ಎರಡು ವಾರ ಬೈದೆ. ಕೊನೆಗೊಂದು ದಿನ ಕಾಲು ತೊಳೆಯುವಾಗ ನೋಡಿದರೆ, ಪಟ್ಟಿ ಸಡಿಲವಾಗಿ ಅರ್ಧ ಸುತ್ತು ತಿರುಗಿ ಡಬ್ಬಿಯ ಮುಖ ಒಳಗಾಲಿನ ಕಡೆಗಿತ್ತು, ಮೇಲೆ ಎರಡು ಬೆರಳು ದಪ್ಪ ಹಸಿ ಸಗಣಿ. ಅದನ್ನು ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಪಟ್ಟಿಯನ್ನು ಹೊರಮುಖಕ್ಕೆ ತಿರುಗಿಸಿ ಬಿಗಿದ ಮೇಲೆ ಟವರಿನ ತಪ್ಪೆಲ್ಲ ಮಾಯವಾಯಿತು. ಬಿಗಿಯುವಾಗ ಪಟ್ಟಿಯೊಳಗೆ ಒಂದು ಬೆರಳು ಸಲೀಸಾಗಿ ಹೋಗುವಷ್ಟು ಜಾಗವಿರಲಿ, ಇಲ್ಲವಾದರೆ ಗೆಣ್ಣಿನ ಬಳಿ ಗಾಯವಾಗುತ್ತದೆ.

ನಿಮ್ಮ ಮಗ ‘ಇದು ಕೈದಿಗೆ ಹಾಕುವ ಕಾಲ್ಗಡದಂತಿದೆ’ ಎಂದು ನಕ್ಕನೆಂದು ಬರೆದಿದ್ದೀರಿ. ಯಂತ್ರದ ಮಟ್ಟಿಗೆ ಅವನ ಮಾತು ಸರಿಯೇ. ಜಮ್ಮು ಮತ್ತು ಕಾಶ್ಮೀರದ ಪೊಲೀಸರು 2023ರ ನವೆಂಬರಿನಲ್ಲಿ ಜಾಮೀನು ಪಡೆದವರ ಕಾಲಿಗೆ ಜಿಪಿಎಸ್ ಪಟ್ಟಿ ಹಾಕಲು ಆರಂಭಿಸಿದರು. ಕಾಂಕ್ರೀಟ್ ಮನೆಯೊಳಗೆ ಅದಕ್ಕೂ ಉಪಗ್ರಹ ಕೇಳಿಸುವುದು ಇಷ್ಟೇ ಕಷ್ಟ.

ಇನ್ನು ಜಾಮರಿನ ಅನುಮಾನವನ್ನು ಖರ್ಚಿಲ್ಲದೆ ಪರೀಕ್ಷಿಸುವ ಕ್ರಮ. ಪಟ್ಟಿಯನ್ನು ಹಸುವಿನಿಂದ ಬಿಚ್ಚಿ, ಪಕ್ಕದ ಮನೆಯ ಕಡೆಗಿರುವ ಬೇಲಿಯ ಮರದ ಗೂಟಕ್ಕೆ, ತೆರೆದ ಆಕಾಶದ ಕೆಳಗೆ, ಡಬ್ಬಿಯ ಮುಖ ಮೇಲಾಗುವಂತೆ ಕಟ್ಟಿ ಒಂದು ಹಗಲು ಒಂದು ರಾತ್ರಿ ಬಿಡಿ. ಜೊತೆಗೆ ಉಪಗ್ರಹಗಳ ಬಲ ತೋರಿಸುವ ಉಚಿತ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡು ಅದೇ ಜಾಗದಲ್ಲಿ ನೋಡಿ: ಬಯಲಿನಲ್ಲಿ ಒಳ್ಳೆಯ ಉಪಗ್ರಹಗಳ ಎದುರು 35ರಿಂದ 45ರ ಅಂಕಿ ಕಾಣಬೇಕು. ಗೋಡೆ, ಮರ ಅಡ್ಡವಾದರೆ ಆಕಾಶದ ಒಂದು ಪಕ್ಕದ ಉಪಗ್ರಹಗಳಷ್ಟೇ ಕುಗ್ಗುತ್ತವೆ, ಇನ್ನೊಂದು ಪಕ್ಕದವು ಹಾಗೆಯೇ ಇರುತ್ತವೆ. ರೇಡಿಯೋ ಅಡಚಣೆಯಾದರೆ ನೆತ್ತಿಯ ಮೇಲಿರುವುದೂ ಸೇರಿದಂತೆ ಎಲ್ಲವೂ ಒಟ್ಟಿಗೆ ಕುಸಿಯುತ್ತವೆ. ನೂರು ಹೆಜ್ಜೆ ದೂರ ನಡೆದರೆ ಒಟ್ಟಿಗೇ ಮೇಲೇಳುತ್ತವೆ. ಈ ವ್ಯತ್ಯಾಸ ಕಣ್ಣಾರೆ ಕಾಣದ ಹೊರತು ಜಾಮರ್ ಎಂಬ ಮಾತನ್ನು ಊರಿನಲ್ಲಿ ಆಡಬೇಡಿ. ಪಕ್ಕದವರ ವೈಫೈ, ಕ್ಯಾಮೆರಾಗಳು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವಂಥವು, ಜಿಪಿಎಸ್‌ನ ದಾರಿಗೆ ಅವು ಬರುವುದಿಲ್ಲ.

ಪಟ್ಟಿಯ ಬಾಯಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಹಳೆಯ ಉಪಾಯವೊಂದಿದೆ. ರೇಡಿಯೋದಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಾಕಿ, 2ಜಿ ಪಟ್ಟಿಯನ್ನು ಅದರ ಪಕ್ಕ ಗೇಣು ದೂರದಲ್ಲಿಡಿ. ವರದಿ ಕಳುಹಿಸುವ ಗಳಿಗೆಯಲ್ಲಿ ‘ಟರ್‌ರ್, ಟರ್‌ರ್’ ಎಂದು ಸದ್ದು ಬರುತ್ತದೆ. ಸೆಕೆಂಡಿಗೆ 217 ಸಲ ಬಿಟ್ಟುಬಿಟ್ಟು ಪ್ರಸಾರವಾಗುವುದರ ಸದ್ದು ಅದು. ಸದ್ದು ಮತ್ತೆಮತ್ತೆ ಬರುತ್ತಲೇ ಇದ್ದು ನಕ್ಷೆಗೆ ಮಾತ್ರ ಏನೂ ತಲುಪದಿದ್ದರೆ ಟವರ್ ದೂರವಿದೆ ಎಂದು ತಿಳಿಯಬಹುದು, ಬ್ಯಾಟರಿ ಬೇಗ ಇಳಿಯುವುದೂ ಆಗಲೇ.

ಬೂಸ್ಟರನ್ನು ಮಾತ್ರ ದಯವಿಟ್ಟು ತರಬೇಡಿ. ಅದು ಮೊಬೈಲ್ ಅಲೆಗಳನ್ನು ಹಿಗ್ಗಿಸುವ ಯಂತ್ರವಾದ್ದರಿಂದ ನಿಮ್ಮ ಜಿಪಿಎಸ್ ತೊಂದರೆಗೆ ಅದರಿಂದ ನಯಾಪೈಸೆಯ ಉಪಯೋಗವಿಲ್ಲ. ಖಾಸಗಿಯವರು ಜಾಮರ್ ಆಗಲಿ ಬೂಸ್ಟರ್ ಆಗಲಿ ಇಟ್ಟುಕೊಳ್ಳುವುದು ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ 2022ರ ಜುಲೈನಲ್ಲಿ ಸ್ಪಷ್ಟಪಡಿಸಿಯೂ ಇದೆ. ಹೀಗೆ ಅಲೆ ಹಿಗ್ಗಿಸುವ ಅಗ್ಗದ ಆಂಪ್ಲಿಫೈಯರ್ ತಾನೇ ಜಾಮರ್ ಆಗುವುದುಂಟು. 2001ರಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಬಂದರಿನಲ್ಲಿ ಜಿಪಿಎಸ್ ಕೈಕೊಟ್ಟಾಗ ಹುಡುಕಿ ನೋಡಿದರೆ, ತಪ್ಪು ದೋಣಿಗಳ ಮೇಲಿದ್ದ ಟಿವಿ ಆಂಟೆನಾಗಳ ಆಂಪ್ಲಿಫೈಯರುಗಳದ್ದಾಗಿತ್ತು. ಅಮೆರಿಕದ ನೆವಾರ್ಕ್‌ನಲ್ಲಿ, ಮಾಲೀಕರು ತನ್ನ ಗಾಡಿಯನ್ನು ಹಿಂಬಾಲಿಸಬಾರದೆಂದು ಚಾಲಕನೊಬ್ಬ ಇಟ್ಟುಕೊಂಡಿದ್ದ ಸಣ್ಣ ಜಾಮರ್ ಪಕ್ಕದ ವಿಮಾನ ನಿಲ್ದಾಣದ ಜಿಪಿಎಸ್ ವ್ಯವಸ್ಥೆಗೇ ಅಡ್ಡಬಂದು, 2013ರಲ್ಲಿ ಅವನಿಗೆ ಸುಮಾರು 32,000 ಡಾಲರ್ ದಂಡ ಬಿತ್ತು. ದೇವನಹಳ್ಳಿಗೆ ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೆಯೇ ಹೋಗುತ್ತಿರುವಾಗ ಇಂಥ ವಸ್ತುವನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ನನಗಂತೂ ಇಲ್ಲ.

ಈ ಪಟ್ಟಿಯನ್ನು ನೀವು ಕೊಂಡದ್ದು ಯಾವುದಕ್ಕೆ ಎಂಬುದನ್ನು ಬರೆದಿಲ್ಲ. ಬೆದೆ ತಿಳಿಯಲು ಎಂದಾದರೆ ಕಾಲೇ ಸರಿಯಾದ ಜಾಗ, ಬೆದೆಗೆ ಬಂದ ಹಸು ಹೆಚ್ಚು ಓಡಾಡುತ್ತದೆ; ಆದರೆ ಅದಕ್ಕೆ ಹೆಜ್ಜೆ ಎಣಿಸುವ ಪಟ್ಟಿ ಸಾಕು, ಉಪಗ್ರಹದ ಗೊಡವೆಯೇ ಬೇಡ. ಮೇಯಲು ಬಿಟ್ಟ ದನ ತಪ್ಪಿಸಿಕೊಳ್ಳದಿರಲಿ ಎಂದಾದರೆ ಕಾಲನ್ನು ಬಿಟ್ಟು ಕೊರಳಿಗೆ ಕಟ್ಟಿ: ಡಬ್ಬಿ ಕತ್ತಿನ ಮೇಲ್ಭಾಗದಲ್ಲಿ, ಗಂಟಲ ಕೆಳಗೆ ಡಬ್ಬಿಗಿಂತ ಸ್ವಲ್ಪ ಹೆಚ್ಚು ತೂಕದ ಗುಂಡು. ಆಗ ಪಟ್ಟಿ ಎಷ್ಟೇ ತಿರುಗಿದರೂ ಡಬ್ಬಿ ಮತ್ತೆ ಆಕಾಶಕ್ಕೇ ಮುಖಮಾಡುತ್ತದೆ. ರಾತ್ರಿ ಕೊಟ್ಟಿಗೆಯೊಳಗೆ ಜಾಗ ತೋರಿಸದಿದ್ದರೆ ಬಿಡಿ, ಹಸು ಅಲ್ಲಿರುವುದು ನಿಮಗೆ ಗೊತ್ತೇ ಇದೆ.

ಭಾನುವಾರ ಗೂಟದ ಪರೀಕ್ಷೆ ಮಾಡಿ, ರಾತ್ರಿ ಹತ್ತು ಗಂಟೆಯ ನಕ್ಷೆ ಮತ್ತು ಆ್ಯಪ್‌ನ ಅಂಕಿಗಳು ಎರಡರ ಚಿತ್ರವನ್ನೂ ಇಲ್ಲಿಯೇ ಹಾಕಿ. ಬಯಲಿನಲ್ಲಿಯೂ ಎಲ್ಲ ಅಂಕಿಗಳೂ ಒಟ್ಟಿಗೆ ಬಿದ್ದಿದ್ದರೆ ನಾನೇ ನನ್ನ ಆಂಟೆನಾ ಹಿಡಿದುಕೊಂಡು ಬಂದು ನೋಡುತ್ತೇನೆ.