ಲಾರಿ ತಲಪಾಡಿ ದಾಟುವ ಮೊದಲು

ಹಾಸನದ ಮನೆ ಖಾಲಿ ಮಾಡಿ ಕಾಸರಗೋಡಿಗೆ ಬರುತ್ತಿದ್ದೀರಿ. ಪೆರಿಯದಲ್ಲಿ ಕೆಲಸ, ವಿದ್ಯಾನಗರದ ಆಸುಪಾಸು ಬಾಡಿಗೆ ಮನೆ, ಆಮೇಲೆ ಅನುಕೂಲವಾದರೆ ಹತ್ತು ಸೆಂಟ್ಸ್ ಜಾಗ. "ಅಲ್ಲಿಯ ಕಾನೂನು ಬೇರೆಯೇ?" ಎಂದು ಕೇಳಿದ್ದೀರಿ. ಕಳ್ಳತನ, ಕೊಲೆಯ ಕಾನೂನು ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಆಚೆಗೂ ಈಚೆಗೂ ಒಂದೇ. ಬೇರೆಯಾಗುವುದು ಕಸದ ಚೀಲ, ಬಾವಿ, ಶೌಚದ ಗುಂಡಿ, ಗದ್ದೆ, ನಾಯಿ ಇಂಥವುಗಳಲ್ಲಿ. ದಿನ ಬೆಳಗಾದರೆ ಎದುರಾಗುವುದೂ ಇವೇ ಅಲ್ಲವೇ?

ನಾನು ಬದಿಯಡ್ಕ ಕಡೆಯವನು. ತಂಗಿಯನ್ನು ಕೊಟ್ಟಿರುವುದು ಪುತ್ತೂರಿಗೆ. ಹಾಗಾಗಿ ಎರಡೂ ಕಡೆಯ ಪಂಚಾಯತುಗಳ ನಡೆ ಅಲ್ಪಸ್ವಲ್ಪ ಗೊತ್ತು. ತಂಗಿಯ ಊರಿನಲ್ಲಿ ಪಂಚಾಯತು ತನ್ನ ಕಟ್ಟಡದೊಳಗೆ ಇರುತ್ತದೆ, ಬೇಕಾದವರು ಹೋಗುತ್ತಾರೆ. ಇಲ್ಲಿ ಅದು ಪುಸ್ತಕ ಹಿಡಿದುಕೊಂಡು ನಿಮ್ಮ ಗೇಟಿಗೆ ಬರುತ್ತದೆ. ಇದೊಂದು ಅರ್ಥವಾದರೆ ಮುಂದಿನ ಅರ್ಧ ತಾಪತ್ರಯ ಕಡಿಮೆ.

ಮೊದಲು ಕಸದ ವಿಷಯ. ನಿಮ್ಮಲ್ಲಿ ಬೆಳಿಗ್ಗೆ ಹಾಡು ಹಾಕಿಕೊಂಡು ಗಾಡಿ ಬರುತ್ತದೆ, ಹಸಿ ಕಸ ಒಂದು ಬಕೆಟ್ಟು, ಒಣ ಕಸ ಇನ್ನೊಂದು, ಸುರಿದರೆ ಮುಗಿಯಿತು. ಇಲ್ಲಿ ಆ ಗಾಡಿಗಾಗಿ ಕಾಯಬೇಡಿ, ಬರುವುದಿಲ್ಲ. ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಎಂಜಲು, ಇದೆಲ್ಲ ನಿಮ್ಮ ಹಿತ್ತಿಲಿನಲ್ಲಿಯೇ ಕರಗಬೇಕು. ಗೊಬ್ಬರದ ಗುಂಡಿಯೋ, ಸಿಮೆಂಟಿನ ರಿಂಗೋ, ಹಿತ್ತಿಲು ಇಲ್ಲದವರಿಗೆ ಬಯೋ ಬಿನ್ನೋ, ಏನಾದರೂ ಒಂದು ಇರಲೇಬೇಕು. ಬಾಡಿಗೆ ಮನೆ ನೋಡಲು ಹೋದಾಗ ನೀರು, ಪಾರ್ಕಿಂಗ್ ಕೇಳಿದ ಮೇಲೆ ಇದನ್ನೂ ಕೇಳಿ. ಮಾಲೀಕರು "ಅದೆಲ್ಲ ಹೇಗಾದರೂ ಆಗುತ್ತದೆ" ಎಂದರೆ, ಆಗುವುದಿಲ್ಲ ಎಂದೇ ತಿಳಿಯಿರಿ.

ಪ್ಲಾಸ್ಟಿಕ್ಕಿಗೆ ಹರಿತ ಕರ್ಮ ಸೇನೆ ಇದೆ. ಕುಟುಂಬಶ್ರೀ ಎಂಬ ಸರಕಾರಿ ಮಹಿಳಾ ಸ್ವಸಹಾಯ ಯೋಜನೆಯ ಹೆಂಗಸರು, ಇಬ್ಬಿಬ್ಬರಾಗಿ ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ. ಹಾಲಿನ ತೊಟ್ಟೆ, ಬಿಸ್ಕತ್ತಿನ ಕವರು, ಎಣ್ಣೆಯ ಪ್ಯಾಕೆಟ್ಟು ಎಲ್ಲವನ್ನೂ ತೊಳೆದು, ಒಣಗಿಸಿ, ಒಂದು ಚೀಲದಲ್ಲಿ ತುಂಬಿಟ್ಟಿರಬೇಕು. ನಮ್ಮ ಮನೆಯ ಬಟ್ಟೆ ಹಗ್ಗದಲ್ಲಿ ಹಾಲಿನ ತೊಟ್ಟೆಗಳು ಕ್ಲಿಪ್ಪು ಹಾಕಿಸಿಕೊಂಡು ಸಾಲಾಗಿ ತೂಗುತ್ತಿರುತ್ತವೆ. ಮೊದಲ ಬಾರಿ ಬಂದ ಭಾವ ಅದನ್ನು ನೋಡಿ, ಏನಾದರೂ ಹರಕೆಯೋ ಎಂದು ಕೇಳಿದ್ದರು. ತೊಳೆಯದೆ ಕೊಟ್ಟರೆ ಸೇನೆಯ ಅಕ್ಕಂದಿರು ಚೀಲವನ್ನು ನಗುನಗುತ್ತಲೇ ಮರಳಿಸುತ್ತಾರೆ. ಒಮ್ಮೆ ನನಗೂ ಹಾಗಾಗಿದೆ. ಮೊಸರಿನ ತೊಟ್ಟೆಯ ವಾಸನೆ ನನಗಿಂತ ಮೊದಲು ಅವರಿಗೆ ಗೊತ್ತಾಯಿತು. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದು, ಹಣ ಪಡೆದು, ರಶೀದಿ ಕೊಟ್ಟು ಹೊರಡುತ್ತಾರೆ. ಪಂಚಾಯತಿನಲ್ಲಿ ತಿಂಗಳಿಗೆ 50 ರೂಪಾಯಿ, ನಗರಸಭೆಯಲ್ಲಿ ಸ್ವಲ್ಪ ಹೆಚ್ಚು. ವಿದ್ಯಾನಗರದಿಂದ ಸ್ವಲ್ಪ ಆಚೆ ಹೋದರೆ ಚೆಂಗಳ, ಮಧೂರು ಪಂಚಾಯತುಗಳು, ಈಚೆ ಕಾಸರಗೋಡು ನಗರಸಭೆ. ನಿಮ್ಮ ಮನೆ ಯಾವುದರಲ್ಲಿ ಎಂಬುದನ್ನು ಮೊದಲ ದಿನವೇ ತಿಳಿದುಕೊಳ್ಳಿ.

"ನಮ್ಮಲ್ಲಿ ಪ್ಲಾಸ್ಟಿಕ್ಕೇ ಇಲ್ಲ, ಹಣ ಕೊಡುವುದಿಲ್ಲ" ಎಂದು ವಾದಿಸಿದವರು ನಮ್ಮ ಊರಿನಲ್ಲಿಯೂ ಇದ್ದರು. ಈಗ ಅದು ನಡೆಯುವುದಿಲ್ಲ. ಪಂಚಾಯತು ಮತ್ತು ನಗರಸಭೆ ಕಾನೂನುಗಳಿಗೆ ತಿದ್ದುಪಡಿ ತಂದಿದ್ದಾರೆ. ಬಾಕಿ 90 ದಿನ ದಾಟಿದರೆ ದಂಡ ಸೇರಿಸಿ, ತೆರಿಗೆಯ ಬಾಕಿಯನ್ನು ವಸೂಲು ಮಾಡುವಂತೆಯೇ ಇದನ್ನೂ ವಸೂಲು ಮಾಡಬಹುದು. ನೀವು ಬೇರಾವುದೋ ಕಾಗದಕ್ಕೆ ಕಚೇರಿಗೆ ಹೋದಾಗಲೂ ಇದರ ಮಾತು ಬಂದೇ ಬರುತ್ತದೆ. ರಶೀದಿಗಳನ್ನು ಎಸೆಯಬೇಡಿ. ಕಸವನ್ನು ದಾರಿಬದಿಗೆ ಎಸೆದರೆ 50,000 ರೂಪಾಯಿವರೆಗೂ ದಂಡವಿದೆ. ಹೊಳೆಗೋ ತೋಡಿಗೋ ಎಸೆದರೆ ದಂಡ ಶುರುವಾಗುವುದೇ 10,000ದಿಂದ, ಜೊತೆಗೆ ಜೈಲು. ಎಸೆಯುವವರ ಫೋಟೋ ತೆಗೆದು ಕಳಿಸಿದವರಿಗೆ ದಂಡದಲ್ಲಿ ಒಂದು ಪಾಲು ಬಹುಮಾನವೂ ಉಂಟು. ಆದ್ದರಿಂದ ರಾತ್ರಿ ಹನ್ನೊಂದಕ್ಕೆ ಸ್ಕೂಟರಿನಲ್ಲಿ ಚೀಲ ಇಟ್ಟುಕೊಂಡು ಚಂದ್ರಗಿರಿ ಸೇತುವೆಯ ಕಡೆ ಹೊರಡುವ ಯೋಚನೆ ಬೇಡ. ಹಿತ್ತಿಲಿನಲ್ಲಿ ಪ್ಲಾಸ್ಟಿಕ್ಕು ಸುಡುವುದಕ್ಕೂ ದಂಡವಿದೆ. ನೂರಕ್ಕಿಂತ ಹೆಚ್ಚು ಜನರನ್ನು ಕರೆದು ಮಗಳ ಹುಟ್ಟುಹಬ್ಬವನ್ನೋ ಗೃಹಪ್ರವೇಶವನ್ನೋ ಮಾಡುವುದಾದರೆ ಮೂರು ದಿನ ಮೊದಲೇ ಪಂಚಾಯತಿಗೆ ತಿಳಿಸಬೇಕು. ಬಾಳೆ ಎಲೆ, ಸ್ಟೀಲಿನ ಲೋಟ ಎಂದರೆ ಯಾರದೂ ತಕರಾರಿಲ್ಲ.

ಸಾಮಾನು ಇಳಿಸುವುದರ ಬಗ್ಗೆ ನಿಮ್ಮ ಸ್ನೇಹಿತರು ಹೆದರಿಸಿದ್ದಾರೆ ಎಂದು ಬರೆದಿದ್ದೀರಿ. ಅದರ ಹಿಂದೆ ದೊಡ್ಡ ಕಥೆ ಇದೆ. ಕೇರಳದಲ್ಲಿ ಹೊರೆ ಕಾರ್ಮಿಕರಿಗೆಂದೇ 1978ರ ಕಾನೂನು ಇದೆ, ಸಂಘಗಳಿವೆ, ಊರೂರಿಗೆ ಪಾಳಿ ಇದೆ. ಒಂದು ಕಾಲದಲ್ಲಿ ನಿಮ್ಮ ಸಾಮಾನನ್ನು ನೀವೇ ಇಳಿಸಿಕೊಂಡರೂ ಪಕ್ಕದಲ್ಲಿ ನಿಂತು ನೋಡಿದವರಿಗೆ ಕೂಲಿ ಕೊಡಬೇಕಿತ್ತು. ಮಲಯಾಳದಲ್ಲಿ ಅದಕ್ಕೆ 'ನೋಕ್ಕುಕೂಲಿ' ಎಂದೇ ಹೆಸರು, ಅಂದರೆ ನೋಡುವ ಕೂಲಿ. 2018ರ ಮೇ 1ರಿಂದ, ಅದೂ ಕಾರ್ಮಿಕರ ದಿನದಂದೇ, ಸರಕಾರ ಅದನ್ನು ನಿಲ್ಲಿಸಿತು. ಮನೆಯ ಸಾಮಾನನ್ನು ನಿಮ್ಮವರಿಂದಲೇ ಇಳಿಸಿಕೊಳ್ಳಬಹುದು. ಯಾರಾದರೂ ಬಂದು ನಿಂತರೆ ಜಗಳಕ್ಕೆ ಹೋಗಬೇಡಿ, ಹಣವನ್ನೂ ಕೊಡಬೇಡಿ. ನಿಜವಾಗಿಯೂ ಆಳು ಬೇಕಾದರೆ ಮೊದಲು ದರ ಮಾತಾಡಿ, ಆಮೇಲೆ ಲಾರಿಯ ಹಗ್ಗ ಬಿಚ್ಚಿಸಿ. ಅವರ ಕೆಲಸದಲ್ಲಿ ಮಾತ್ರ ಕೊಂಕು ತೆಗೆಯುವಂತಿಲ್ಲ. ನಮ್ಮ ಮನೆಯ ಹಲಸಿನ ಮರದ ಕಪಾಟನ್ನು ಒಂದು ಗೀರೂ ಬೀಳದಂತೆ ಮಹಡಿಗೆ ಏರಿಸಿದವರು ಅವರೇ.

ಇನ್ನು ಜಾಗ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಹಣ ಕಳೆದುಕೊಳ್ಳುವುದು ಈ ವಿಷಯದಲ್ಲಿಯೇ.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಅಜ್ಜನ ಕಾಲದ ಕಾಗದಗಳು ಕನ್ನಡದಲ್ಲಿವೆ, ಅಪ್ಪನ ಕಾಲದವು ಮಲಯಾಳದಲ್ಲಿವೆ. ನೀವು ಪಹಣಿ ಎಂದು ಕೇಳಿದರೆ ಗ್ರಾಮ ಕಚೇರಿಯಲ್ಲಿ ಮುಖ ನೋಡುತ್ತಾರೆ. ಇಲ್ಲಿ ನೋಡಬೇಕಾದ್ದು ತಂಡಪೇರು (ಕಂದಾಯ ದಾಖಲೆಯಲ್ಲಿ ಒಡೆಯನ ಖಾತೆ), ತೀರ್ವೆ ಅಂದರೆ ಭೂತೆರಿಗೆಯ ರಶೀದಿ, ಆಧಾರಂ. ಈ 'ಆಧಾರಂ' ಎಂದರೆ ಕ್ರಯಪತ್ರ. ಬ್ಯಾಂಕಿನಲ್ಲಿ "ಆಧಾರಂ ತನ್ನಿ" ಎಂದಾಗ ನನ್ನ ಪುತ್ತೂರಿನ ಭಾವ ಕಿಸೆಯಿಂದ ಆಧಾರ್ ಕಾರ್ಡು ತೆಗೆದು ಕೊಟ್ಟಿದ್ದರು.

ಆ ಕಾಗದದಲ್ಲಿ ಜಾಗದ ಜಾತಿ ಬರೆದಿರುತ್ತದೆ. 'ಪುರಯಿಡಂ' ಎಂದಿದ್ದರೆ ಹಿತ್ತಿಲು, ಮನೆ ಕಟ್ಟಲು ಅಡ್ಡಿಯಿಲ್ಲ. 'ನಿಲಂ' ಎಂದಿದ್ದರೆ ಗದ್ದೆ. ಕನ್ನಡದವರಿಗೆ ನಿಲಂ ಎಂದರೆ ನೆಲ, ಅಷ್ಟೇ ತಾನೆ ಎನ್ನಿಸುತ್ತದೆ. ಅಷ್ಟೇ ಅಲ್ಲ. 2008ರಲ್ಲಿ ಬಂದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾನೂನಿನ ಪ್ರಕಾರ ಗದ್ದೆಯನ್ನು ಮಣ್ಣು ತುಂಬಿಸಿ ಮನೆ ಕಟ್ಟುವಂತಿಲ್ಲ. ಗದ್ದೆ ಬಿಟ್ಟು ಬೇರೆ ಜಾಗವೇ ಇಲ್ಲದ ಗದ್ದೆಯ ಒಡೆಯನಿಗೆ ತನ್ನ ವಾಸದ ಮನೆಗೆಂದು ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ಬಿಟ್ಟುಕೊಡುವ ದಾರಿ ಇದೆ, ಅದೂ ಸಮಿತಿ ಒಪ್ಪಿದ ಮೇಲೆ. ಹೊರಗಿನಿಂದ ಬಂದು ಕೊಂಡವರಿಗೆಂದು ಮಾಡಿದ ದಾರಿಯಲ್ಲ ಅದು. ಇನ್ನೊಂದು ತೊಡಕೆಂದರೆ, ನೋಡಿದರೆ ತೆಂಗು ಅಡಿಕೆ ಬೆಳೆದು ನಿಂತ ತೋಟ, ಕಾಗದದಲ್ಲಿ ಮಾತ್ರ ಇನ್ನೂ ನಿಲಂ. ದಲ್ಲಾಳಿ "ತೋಟ ನೋಡಿ, ಎಷ್ಟು ಚಂದ!" ಎಂದು ಮರಗಳನ್ನು ತೋರಿಸುತ್ತಾನೆ. ನೀವು ಮರ ನೋಡಬೇಡಿ, ಡಾಟಾ ಬ್ಯಾಂಕ್ ನೋಡಿ. ಗದ್ದೆಗಳ ಪಟ್ಟಿ ಅದು, ಕೃಷಿ ಭವನದಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಪಟ್ಟಿಯಲ್ಲಿ ತಪ್ಪಾಗಿ ಸೇರಿದ್ದರೆ ತೆಗೆಸಲು ಐದನೇ ಫಾರಂ, ಪಟ್ಟಿಯಲ್ಲಿ ಇಲ್ಲದೆ ಕಂದಾಯದ ಕಾಗದದಲ್ಲಿ ಮಾತ್ರ ನಿಲಂ ಎಂದಿದ್ದರೆ ಬದಲಾಯಿಸಲು ಆರನೇ ಫಾರಂ. ಎರಡೂ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅಥವಾ ಆ ಅಧಿಕಾರವಿರುವ ಡೆಪ್ಯುಟಿ ಕಲೆಕ್ಟರ್ ಕಡೆಗೆ ಹೋಗಬೇಕಾದವು. ಮಾರುವವರೇ ಅದನ್ನು ಮುಗಿಸಿ ಕೊಡಲಿ. "ಕೊಂಡ ಮೇಲೆ ಮಾಡಿಸಿಕೊಳ್ಳಬಹುದು" ಎಂಬ ಮಾತನ್ನು ನಂಬಿದ ಒಬ್ಬ ಪರಿಚಿತರು ಬಾಡಿಗೆ ಮನೆಯಲ್ಲಿಯೇ ಇದ್ದಾರೆ. ಅವರ ಜಾಗದಲ್ಲಿ ಮಳೆಗಾಲಕ್ಕೆ ಕೊಕ್ಕರೆಗಳು ಬರುತ್ತವೆ.

ನೋಂದಣಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುದ್ರಾಂಕಕ್ಕೆ ನೂರಕ್ಕೆ 8, ನೋಂದಣಿಗೆ 2, ಒಟ್ಟು ಹತ್ತು. ಹಾಸನದ ಲೆಕ್ಕದಲ್ಲಿ ಬಂದರೆ ಕೈಯಲ್ಲಿರುವ ಹಣ ಸಾಲುವುದಿಲ್ಲ.

ಮನೆ ಕಟ್ಟುವಾಗ ಎಲ್ಲಕ್ಕಿಂತ ಹೆಚ್ಚು ಕಾಡುವುದು ಬಾವಿ. ಇಲ್ಲಿ ಮನೆಗೊಂದು ಬಾವಿ. ಗುಡ್ಡೆಯ ಕಡೆ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗಗಳೂ ಇವೆ, ಪಡ್ರೆ, ಬಾಯಾರು ಊರುಗಳಲ್ಲಿ ಇಂದಿಗೂ ಅವುಗಳಿಂದ ನೀರು ಕುಡಿಯುವವರಿದ್ದಾರೆ. ಕುಡಿಯುವ ನೀರಿನ ಬಾವಿಗೂ ಶೌಚದ ಇಂಗುಗುಂಡಿಗೂ ನಡುವೆ ಏಳೂವರೆ ಮೀಟರ್ ಇರಲೇಬೇಕು ಎನ್ನುತ್ತದೆ ಕಟ್ಟಡ ನಿಯಮ. ನಿಮ್ಮ ಬಾವಿ ಮಾತ್ರವಲ್ಲ, ನೆರೆಯವರ ಬಾವಿಯಿಂದಲೂ ಅಳೆಯಬೇಕು. ನನ್ನ ತಮ್ಮ ಮನೆ ಕಟ್ಟಿದಾಗ ನಕ್ಷೆಯಲ್ಲಿ ಎಲ್ಲ ಸರಿ ಇತ್ತು. ನೋಡಲು ಬಂದವರು ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಪಕ್ಕದ ಮನೆಯ ಬಾವಿಕಟ್ಟೆಯ ಹತ್ತಿರ ನಿಲ್ಲಿಸಿದರು. ಒಂದೂವರೆ ಅಡಿ ಕಡಿಮೆ ಬಂತು. ಇಳಿಸಿದ್ದ ಸಿಮೆಂಟಿನ ರಿಂಗುಗಳನ್ನೆಲ್ಲ ಮೇಲೆತ್ತಿ, ಜಾಗದ ಇನ್ನೊಂದು ಮೂಲೆಯಲ್ಲಿ ಮತ್ತೆ ಮುರಕಲ್ಲು ಕಡಿಸಬೇಕಾಯಿತು. ಆಗ ಬೈದುಕೊಂಡೆವು. ಏಪ್ರಿಲ್ ತಿಂಗಳಲ್ಲಿ ಆ ಪಕ್ಕದ ಬಾವಿಯಿಂದಲೇ ನೀರು ಸೇದುವಾಗ ಯಾರೂ ಬೈದುಕೊಳ್ಳಲಿಲ್ಲ. ಕಾಮಗಾರಿ ಮುಗಿದು ಪರಿಶೀಲನೆಯಾದ ಮೇಲೆ ಮನೆ ನಂಬ್ರ ಸಿಗುತ್ತದೆ. ಆ ನಂಬ್ರವಿಲ್ಲದ ಮನೆ ಎಷ್ಟು ಚಂದವಿದ್ದರೂ ಸರಕಾರದ ಲೆಕ್ಕದಲ್ಲಿ ಹಟ್ಟಿಗಿಂತ ಕಡೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ನಿಮ್ಮ ಕೆಎ 13 ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಕೆಎಲ್ 14ಕ್ಕೆ ಬದಲಾಯಿಸಬೇಕು. ಹಾಸನದಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಂಡೇ ಹೊರಡಿ, ಆಮೇಲೆ ಅದಕ್ಕಾಗಿಯೇ ಘಟ್ಟ ಹತ್ತುವುದು ಬೇಡ. ಸ್ಕೂಟರಿನಲ್ಲಿ ಹಿಂದೆ ಕುಳಿತವರಿಗೂ ಹೆಲ್ಮೆಟ್ ಬೇಕು. 2023ರ ಜೂನ್‌ನಿಂದ ಕ್ಯಾಮರಾಗಳು ದಂಡ ಹಾಕುತ್ತಿವೆ, ಅವುಗಳಿಗೆ ಕನ್ನಡ ಮಲಯಾಳ ಎಂಬ ಭೇದವಿಲ್ಲ. ನಾಯಿ ಸಾಕಿದ್ದರೆ ಚುಚ್ಚುಮದ್ದು ಹಾಕಿಸಿ ಪಂಚಾಯತಿನಿಂದ ಪರವಾನಿಗೆ ಪಡೆಯಬೇಕು. ಸಂಬಳದಿಂದ ವೃತ್ತಿ ತೆರಿಗೆ ತಿಂಗಳಿಗೆ ಇನ್ನೂರರಂತೆ ಹೋಗುವುದಿಲ್ಲ, ಆರು ತಿಂಗಳಿಗೊಮ್ಮೆ ಹೋಗುತ್ತದೆ, ಹೋಗುವುದೂ ಸ್ಥಳೀಯ ಸಂಸ್ಥೆಗೆ. ರೇಷನ್ ಕಾರ್ಡಿನಲ್ಲಿ ಅಲ್ಲಿ ಹೆಸರು ತೆಗೆಸದೆ ಇಲ್ಲಿ ಸೇರಿಸುವುದಿಲ್ಲ. ಈ ಅರ್ಜಿಗಳೆಲ್ಲ ಅಕ್ಷಯ ಎಂಬ ಸರಕಾರಿ ಸೇವಾ ಕೇಂದ್ರದಲ್ಲಿ ಆಗುತ್ತವೆ. ನಿಮ್ಮ ಮನೆಯವರಿಗೆ ಲಾಟರಿ ಟಿಕೇಟಿನ ಅಂಗಡಿ ಕಂಡು ಆಶ್ಚರ್ಯವಾಗಬಹುದು. ಕರ್ನಾಟಕದಲ್ಲಿ 2007ರಲ್ಲಿ ನಿಂತ ಲಾಟರಿ ಇಲ್ಲಿ 1967ರಿಂದ ಸರಕಾರವೇ ನಡೆಸುವ ವ್ಯವಹಾರ. ಸ್ನೇಹಿತರಿಗೆಂದು ಮಂಗಳೂರಿನಿಂದ ಮದ್ಯದ ಬಾಟಲಿ ತರುವುದು ಮಾತ್ರ ಬೇಡ. ಗಡಿಯಲ್ಲಿ ಅಬಕಾರಿಯವರು ಬಸ್ ಹತ್ತಿ ಚೀಲ ತಡಕುತ್ತಾರೆ, ಸಿಕ್ಕಿದರೆ ಸಣ್ಣ ವಿಷಯವಲ್ಲ. ತಿಂಗಳ ಒಂದನೆಯ ತಾರೀಕು ಇಲ್ಲಿಯ ಮದ್ಯದಂಗಡಿಗಳೂ ಮುಚ್ಚಿರುತ್ತವೆ.

ಭಾಷೆಯ ಬಗ್ಗೆ ನೀವು ಸಂಕೋಚದಿಂದ ಕೇಳಿದ್ದೀರಿ, ನಾನು ನೇರವಾಗಿ ಹೇಳುತ್ತೇನೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಇಲ್ಲಿಯ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಹಕ್ಕು ಇದೆ, ಆದರೆ ಅದು ತಾನಾಗಿ ಕೈಗೆ ಬರುವುದಿಲ್ಲ. ನಾನು ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟಾಗ ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನು ಓದುವವರು ರಜೆಯಲ್ಲಿದ್ದಾರೆ" ಎಂದರು. ನಾಳೆ ಬರುತ್ತೇನೆ ಎಂದೆ, ಹೋದೆ, ನಾಡಿದ್ದೂ ಹೋದೆ. ನಾಲ್ಕನೆಯ ದಿನ ಸ್ವೀಕೃತಿ ಸಿಕ್ಕಿತು. ಈ ಹಟ ಇಲ್ಲಿಯೇ ಹುಟ್ಟಿದ ನಮಗೆ ಅಗತ್ಯ, ನಿಮಗೆ ಅಷ್ಟು ಪುರುಸೊತ್ತು ಇರಲಾರದು. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕನ್ನಡ, ತುಳು ಗೊತ್ತಿರುವ ವಾರ್ಡ್ ಮೆಂಬರು ಸಿಗುವುದು ಕಷ್ಟವಲ್ಲ. ಅವರ ಫೋನು ನಂಬ್ರ ಇಟ್ಟುಕೊಳ್ಳಿ, ಅರ್ಧ ಕೆಲಸ ಅದರಲ್ಲೇ ಆಗುತ್ತದೆ. ಪೆರಿಯ ಇರುವುದು ಹೊಳೆಯ ದಕ್ಷಿಣಕ್ಕೆ, ಅಲ್ಲಿ ಮಲಯಾಳವಿಲ್ಲದೆ ಚಹಾ ಕುಡಿಯಬಹುದು, ಜಗಳ ಆಡಲಾಗದು. ಅಕ್ಷರ ಕಲಿಯಿರಿ. ಬಸ್ಸಿನ ಬೋರ್ಡು ಓದಲು ಬಂದರೂ ಸಾಕು.

ಮಗಳು ಎರಡನೆಯ ತರಗತಿ ಎಂದಿದ್ದೀರಿ. 2017ರ ಕಾನೂನಿನಿಂದ ಹತ್ತನೆಯವರೆಗೆ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾಗಿದೆ. ಅದು ಬಂದಾಗ ನಾವು ಬೀದಿಗಿಳಿದು ಪ್ರತಿಭಟಿಸಿದವರು. ಕನ್ನಡ ಮಾಧ್ಯಮ ಶಾಲೆಗಳು ಇಲ್ಲಿ ಇನ್ನೂ ಇವೆ. ಸೇರಿಸುವ ಮನಸ್ಸಿದ್ದರೆ ಯಾವುದು ಎಂದು ಎದುರು ಕುಳಿತು ಮಾತಾಡೋಣ, ಬರೆದು ತಿಳಿಸುವ ವಿಷಯವಲ್ಲ.

ಬರುವ ದಿನ ನಿಗದಿ ಮಾಡುವಾಗ ಹರತಾಳ ಇದೆಯೇ ನೋಡಿಕೊಳ್ಳಿ. ಏಳು ದಿನ ಮೊದಲೇ ತಿಳಿಸಬೇಕೆಂದು 2019ರಲ್ಲಿ ಹೈಕೋರ್ಟ್ ಹೇಳಿದ ಮೇಲೆ ಸ್ವಲ್ಪ ಸುಲಭವಾಗಿದೆ. ಲಾರಿ ತೊಕ್ಕೊಟ್ಟು ದಾಟಿದಾಗ ಒಂದು ಫೋನು ಮಾಡಿ. ನಮ್ಮ ತೋಟದ ಕೆಲಸದವರು ಇಬ್ಬರನ್ನು ಕರೆದುಕೊಂಡು ಬರುತ್ತೇನೆ, ಬೀರು ಇಳಿಸಲು. ಹಾಲಿನ ತೊಟ್ಟೆ ಒಣಗಿಸಲು ಕ್ಲಿಪ್ಪು ನೀವೇ ತನ್ನಿ.